ಆಟ, ಕಂಬಳ, ತೋಟದ ಹಕ್ಕಿ: ಮೊದಲ ಕ್ಯಾಮೆರಾ ಯಾವುದು?

ಪ್ರಶ್ನೆ: ನನ್ನದು ಬ್ರಹ್ಮಾವರದ ಹತ್ತಿರ. ಈವರೆಗೆ ಮೊಬೈಲಿನಲ್ಲೇ ಫೋಟೊ ತೆಗೆಯುತ್ತಿದ್ದೆ, ಈಗ ಕ್ಯಾಮೆರಾ ಕೊಳ್ಳಬೇಕೆಂದಿದ್ದೇನೆ. ಎಲ್ಲ ಸೇರಿ 60,000 ರೂಪಾಯಿ ಮೀರುವಂತಿಲ್ಲ. ಮುಖ್ಯವಾಗಿ ರಾತ್ರಿಯ ಯಕ್ಷಗಾನ ಆಟ. ಜೊತೆಗೆ ಕಂಬಳ, ತೋಟಕ್ಕೆ ಬರುವ ಹಕ್ಕಿಗಳು, ಆಗೀಗ ಸ್ವಲ್ಪ ವಿಡಿಯೊ. ಮಂಗಳೂರಿನ ಅಂಗಡಿಯೊಂದರಲ್ಲಿ ಕ್ಯಾನನ್ 1500ಡಿಯ ಎರಡು ಲೆನ್ಸಿನ ಕಿಟ್ ತೋರಿಸಿದರು. ಪರಿಚಯದವರೊಬ್ಬರು ಐದು ವರ್ಷ ಬಳಸಿದ ನಿಕಾನ್ ಡಿ5600 ಅನ್ನು 18-55 ಲೆನ್ಸ್ ಸಮೇತ ಕೊಡುತ್ತೇನೆ ಎನ್ನುತ್ತಾರೆ. ಯಾವುದು ಸರಿ? ಅಥವಾ ಮಿರರ್‌ಲೆಸ್ಸನ್ನೇ (ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮೆರಾ) ತೆಗೆದುಕೊಳ್ಳಬೇಕೆ?

ಉತ್ತರ: ಮೊದಲು ತೀರ್ಮಾನ ಹೇಳುತ್ತೇನೆ. ಆ ಡಿ5600 ಕೆಳಗೆ ಹೇಳಿರುವ ಪರೀಕ್ಷೆಗಳಲ್ಲಿ ಪಾಸಾದರೆ ಅದನ್ನೇ ತೆಗೆದುಕೊಳ್ಳಿ. ಅದರ ಜೊತೆಗೆ ಎಫ್/1.8ರ ಒಂದು ಲೆನ್ಸ್ ಕೊಳ್ಳಿ (ಎಫ್ ಮುಂದಿನ ಅಂಕ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆದು ಹೆಚ್ಚು ಬೆಳಕು ಒಳಬಿಡುತ್ತದೆ), ತೇವದಿಂದ ಕಾಯುವ ಒಂದು ಪೆಟ್ಟಿಗೆ ಮಾಡಿಕೊಳ್ಳಿ. ಪರೀಕ್ಷೆಯಲ್ಲಿ ಬಿದ್ದರೆ, ಇಲ್ಲವೇ ನಿಮಗೆ ಫೋಟೊಗಿಂತ ವಿಡಿಯೊ ಹೆಚ್ಚು ಮುಖ್ಯವಾದರೆ, ಇನ್ನೂ ಸ್ವಲ್ಪ ಹಣ ಕೂಡಿಸಿ ಮಿರರ್‌ಲೆಸ್ ಆದ ಕ್ಯಾನನ್ ಆರ್50 ಕಡೆಗೆ ಹೋಗಿ. 1500ಡಿಯ ಎರಡು ಲೆನ್ಸಿನ ಕಿಟ್ ನಿಮ್ಮ ಕೆಲಸಕ್ಕೆ ಆಗುವುದಿಲ್ಲ. ಅದು ಕೆಟ್ಟ ಕ್ಯಾಮೆರಾ ಎಂದಲ್ಲ, ಕಿಟ್ಟಿನ ಎರಡೂ ಲೆನ್ಸುಗಳು ಹಗಲಿನವು, ನಿಮ್ಮ ಮುಖ್ಯ ಆಸೆ ರಾತ್ರಿಯದು.

ಅಂಗಡಿಯಲ್ಲಿ ಮಾತು ಯಾವಾಗಲೂ ಬಾಡಿಯಿಂದ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಶುರುವಾಗುತ್ತದೆ: ಎಷ್ಟು ಮೆಗಾಪಿಕ್ಸೆಲ್, ಯಾವ ಕಂಪೆನಿ. ನೀವು ಅದನ್ನು ತಿರುಗಿಸಬೇಕು. ಯಾವ ಬೆಳಕಿನಲ್ಲಿ, ಎಷ್ಟು ದೂರದಿಂದ ತೆಗೆಯುತ್ತೀರಿ ಎಂಬುದು ಲೆನ್ಸನ್ನು ನಿರ್ಧರಿಸುತ್ತದೆ. ಆ ಲೆನ್ಸ್ ಸರಿಯಾಗಿ ಕೆಲಸ ಮಾಡುವ ಬಾಡಿ ಯಾವುದು ಎಂಬುದು ಎರಡನೆಯ ಪ್ರಶ್ನೆ. ಮೆಗಾಪಿಕ್ಸೆಲ್ ವಿಷಯವನ್ನು ಇಲ್ಲೇ ಮುಗಿಸಿಬಿಡೋಣ. ಇವತ್ತಿನ ಹೆಚ್ಚಿನ ಆರಂಭಿಕ ಕ್ಯಾಮೆರಾಗಳು 24 ಮೆಗಾಪಿಕ್ಸೆಲ್ಲಿನವು, ಅಂದರೆ ಸುಮಾರು 6000 × 4000 ಚುಕ್ಕೆಗಳು. 20 ಇಂಚು ಅಗಲದ ಒಳ್ಳೆಯ ಪ್ರಿಂಟಿಗೆ ಅಷ್ಟು ಸಾಕು.

ರಂಗಸ್ಥಳದ ಲೆಕ್ಕ

ಸಾಧಾರಣ ಬೆಳಕಿರುವ ರಂಗಸ್ಥಳದಲ್ಲಿ ವೇಷಧಾರಿ ಕುಣಿಯುವಾಗ ಮುಖ ಅಲುಗದೆ ಬರಬೇಕಾದರೆ ಶಟರ್ ವೇಗ ಕನಿಷ್ಠ 1/250 ಸೆಕೆಂಡ್ ಬೇಕು. ತೆಂಕುತಿಟ್ಟು ಶೈಲಿಯ ದಿಗಿಣಕ್ಕೆ (ಗಿರಕಿಯ ಜಿಗಿತಕ್ಕೆ) 1/500. ಎಫ್/1.8ರಲ್ಲಿ 1/250ಕ್ಕೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, ಏರಿಸಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ) 3200 ಸಾಕಾಯಿತು ಎಂದಿಟ್ಟುಕೊಳ್ಳಿ. ಈ ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಅಳತೆಯ ಸೆನ್ಸರಿನಲ್ಲಿ ಅದು ಆರಾಮವಾಗಿ ಬಳಸಬಹುದಾದ ಮಟ್ಟ. ಈಗ ಅದೇ ಜಾಗದಲ್ಲಿ ಕಿಟ್ ಲೆನ್ಸನ್ನು 55ಕ್ಕೆ ಜೂಮ್ ಮಾಡಿ. ಅಲ್ಲಿ ಅದು ತೆರೆಯುವುದು ಎಫ್/5.6ರಷ್ಟು ಮಾತ್ರ. ಒಳಗೆ ಬರುವ ಬೆಳಕು ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಂದೋ ಐಎಸ್‌ಒ 32,000ದ ಹತ್ತಿರ ಹೋಗಿ ಬಣ್ಣಗಾರಿಕೆಯ ಸೂಕ್ಷ್ಮ ಗೆರೆಗಳೆಲ್ಲ ಕಾಳುಕಾಳಾಗಬೇಕು, ಇಲ್ಲವೇ ಶಟರ್ 1/25ಕ್ಕೆ ಇಳಿದು ಇಡೀ ವೇಷ ಕಲಸಿಹೋಗಬೇಕು. ಎಷ್ಟು ದುಬಾರಿ ಬಾಡಿ ತಂದರೂ ಈ ಹತ್ತು ಪಟ್ಟಿನ ವ್ಯತ್ಯಾಸ ಪೂರ್ತಿ ತುಂಬುವುದಿಲ್ಲ. ಲೆನ್ಸಿನೊಳಗಿನ ಸ್ಟೆಬಿಲೈಸರ್ ಕೂಡ ಇಲ್ಲಿ ನೆರವಿಗೆ ಬರುವುದಿಲ್ಲ. ಅದು ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ, ಕಲಾವಿದರ ಚಲನೆಯನ್ನಲ್ಲ.

ಎಫ್/1.8 ಲೆನ್ಸುಗಳಲ್ಲಿ ನಿಮಗೆ ಎರಡು ಆಯ್ಕೆ: 35 ಮಿ.ಮೀ. ಅಥವಾ 50 ಮಿ.ಮೀ. ಎಂಟು ಮೀಟರ್ ದೂರ ಕೂತರೆ 35ರ ಚೌಕಟ್ಟಿನಲ್ಲಿ ಅಡ್ಡಕ್ಕೆ ಸುಮಾರು 5.4 ಮೀಟರ್ ಬರುತ್ತದೆ, ಅಂದರೆ ರಂಗಸ್ಥಳದ ಹೆಚ್ಚುಕಡಿಮೆ ಪೂರ್ತಿ ಅಗಲ. 50ರಲ್ಲಿ ಕ್ಯಾಮೆರಾವನ್ನು ನಿಲ್ಲಿಸಿ ಹಿಡಿದರೆ ಎರಡೂವರೆ ಮೀಟರ್ ಅಗಲ, ಮೂರು ಮುಕ್ಕಾಲು ಮೀಟರ್ ಎತ್ತರ. ಕಿರೀಟ ಸಮೇತ ಒಂದು ವೇಷ ಚೆನ್ನಾಗಿ ಕೂರುತ್ತದೆ, ಸುತ್ತ ಸ್ವಲ್ಪ ಜಾಗವೂ ಉಳಿಯುತ್ತದೆ. ಮುಂದಿನ ಸಾಲಿನಲ್ಲಿ, ರಂಗಸ್ಥಳದ ಬದಿಯಲ್ಲೇ ಕೂರುವ ಅಭ್ಯಾಸವಿದ್ದರೆ, ಚೌಕಿಯಲ್ಲೂ (ವೇಷ ಕಟ್ಟುವ ಜಾಗ) ತೆಗೆಯುವ ಆಸೆಯಿದ್ದರೆ 35. ಹಿಂದೆ ಕುರ್ಚಿಯಲ್ಲಿ ಕೂತು ಒಬ್ಬೊಬ್ಬರ ಅಭಿನಯ ಹಿಡಿಯುವವರಿಗೆ 50. ನಿಮಗೆ ಹೇಳುವುದಾದರೆ 50. ಇಡೀ ರಂಗಸ್ಥಳ ಬೇಕೆನಿಸಿದಾಗ 18-55 ಹೇಗೂ ಇದೆ. ಎಲ್ಲರೂ ಕ್ಷಣಕಾಲ ಸ್ಥಿರವಾಗಿ ನಿಂತಾಗ ಅದರಲ್ಲಿ ತೆಗೆಯಬಹುದು.

ಎಫ್/1.8ರಲ್ಲಿ ಮೂಗು ಸ್ಪಷ್ಟ, ಕಿವಿ ಮಸುಕು ಆಗುತ್ತದೆ ಎಂದು ಹಲವರು ಹೆದರಿಸುತ್ತಾರೆ. ಎರಡು ಅಡಿಯಿಂದ ಮಗುವಿನ ಮುಖ ತೆಗೆಯುವಾಗ ಅದು ನಿಜ. ಎಂಟು ಮೀಟರ್ ದೂರದಲ್ಲಿ 50 ಮಿ.ಮೀ. ಲೆನ್ಸಿಗೆ ಎಫ್/1.8ರಲ್ಲೂ ಹಿಂದೆಮುಂದೆ ಸೇರಿ ಸುಮಾರು 1.8 ಮೀಟರ್ ಸ್ಪಷ್ಟವಾಗಿರುತ್ತದೆ. ಫೋಕಸ್ ಸರಿಯಾಗಿ ಮುಖದ ಮೇಲಿದ್ದರೆ ವೇಷ ಪೂರ್ತಿ ಸಿಗುತ್ತದೆ.

ನಿಕಾನಿಗೆ ಲೆನ್ಸ್ ಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ಡಿ5600 ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ. ಹಳೆಯ 'ಎಎಫ್ 50 ಎಂಎಂ 1.8ಡಿ' ಲೆನ್ಸ್ ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುತ್ತದೆ, ಅದನ್ನು ಹಾಕಿದರೆ ಆಟೊಫೋಕಸ್ ಆಗುವುದಿಲ್ಲ. ಲೆನ್ಸಿನ ಮೇಲೆ 'ಎಎಫ್-ಎಸ್' ಎಂದೂ 1.8 ಆದ ಮೇಲೆ 'ಜಿ' ಎಂದೂ ಇರಬೇಕು.

ಹಕ್ಕಿ ಮತ್ತು ಕಂಬಳ

ಇವೆರಡಕ್ಕೂ ಒಂದೇ ಲೆನ್ಸ್ ಸಾಕು, ಆದರೆ ಈ ವರ್ಷವೇ ಕೊಳ್ಳಬೇಡಿ. ಹಗಲಿನ ಕಂಬಳದಲ್ಲಿ ಬೆಳಕು ಧಾರಾಳ. ಕೋಣಗಳ ಕಾಲಡಿಯ ನೀರಿನ ಹನಿ ನಿಲ್ಲಿಸಲು 1/1000ಕ್ಕಿಂತ ಹೆಚ್ಚಿನ ವೇಗ ಬೇಕು, ಎಫ್/5.6, ಐಎಸ್‌ಒ 400ರ ಆಸುಪಾಸಿನಲ್ಲೇ ಅದು ಸಿಗುತ್ತದೆ. ಹಾಗಾಗಿ 70-300ರಂತಹ ಅಗ್ಗದ ಜೂಮ್ ಇಲ್ಲಿ ನಡೆಯುತ್ತದೆ. ಹಕ್ಕಿಗಳ ವಿಷಯದಲ್ಲಿ ನಿರೀಕ್ಷೆ ಸ್ವಲ್ಪ ಇಳಿಸಿಕೊಳ್ಳಬೇಕು. 300 ಮಿ.ಮೀ.ನಲ್ಲಿ 10 ಮೀಟರ್ ದೂರದ ಚೌಕಟ್ಟಿನ ಅಗಲ 78 ಸೆಂ.ಮೀ. 28 ಸೆಂ.ಮೀ. ಉದ್ದದ ಬಿಳಿ ಎದೆಯ ಮಿಂಚುಳ್ಳಿ ಅದರಲ್ಲಿ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ತುಂಬುತ್ತದೆ. ಕ್ರಾಪ್ ಮಾಡಿ ಒಳ್ಳೆಯ ಚಿತ್ರ ತೆಗೆಯಬಹುದು. ಮರದ ತುದಿಯ ಪುಟ್ಟ ಸೂರಕ್ಕಿ ಇಷ್ಟರಲ್ಲಿ ಸಿಗುವುದಿಲ್ಲ. ಅದಕ್ಕೆಂದು ಚಂದ್ರನನ್ನು ಹತ್ತಿರ ತೋರಿಸುವ ದೊಡ್ಡ ಜೂಮಿನ ಬ್ರಿಡ್ಜ್ ಕ್ಯಾಮೆರಾಗಳಿಗೆ ಮನಸೋಲಬೇಡಿ. ನಿಕಾನ್ ಪಿ1000 ಅಂಥದ್ದು, ಅದರ ಜೂಮ್ 3000 ಮಿ.ಮೀ.ಗೆ ಸಮ. ಆದರೆ ಅದರ ಸೆನ್ಸರ್ ಸುಮಾರು 6.2 × 4.6 ಮಿ.ಮೀ., ಎಪಿಎಸ್-ಸಿಯದು 23.5 × 15.6. ಒಳ್ಳೆಯ ಬಿಸಿಲಿನಲ್ಲಿ ಹಕ್ಕಿ ಚೆನ್ನಾಗಿ ಬರುತ್ತದೆ. ಅಡಿಕೆ ತೋಟದ ನೆರಳಿನಲ್ಲೇ ಕಷ್ಟ, ರಾತ್ರಿಯ ಆಟಕ್ಕಂತೂ ನಡೆಯದು.

ಜೂಮ್ ಕೊಳ್ಳುವ ದಿನ ಲೆನ್ಸಿನ ಮೇಲಿನ ಅಕ್ಷರಗಳನ್ನು ಓದಿ. ನಿಕಾನಿನ ಎಎಫ್-ಪಿ ಡಿಎಕ್ಸ್ 70-300ರಲ್ಲಿ ಎರಡು ಬಗೆ, 'ವಿಆರ್' ಎಂದು ಬರೆದದ್ದರಲ್ಲಿ ಮಾತ್ರ ಸ್ಟೆಬಿಲೈಸರ್ ಇದೆ. ಇನ್ನೊಂದು ನೋಡಲು ಹಾಗೇ ಇರುತ್ತದೆ, 300ರಲ್ಲಿ ಕೈಯಲ್ಲಿ ಹಿಡಿದು ನಿಲ್ಲಿಸುವುದು ಕಷ್ಟ. ಕ್ಯಾನನ್ನಿನ 75-300ರಲ್ಲೂ ಸ್ಟೆಬಿಲೈಸರ್ ಇಲ್ಲ, 55-250 ಐಎಸ್‌ನಲ್ಲಿ ಇದೆ. ಈ ಎಎಫ್-ಪಿ ಲೆನ್ಸುಗಳು ಡಿ3200, ಡಿ5100, ಡಿ7000ದಂತಹ ಹಳೆಯ ಬಾಡಿಗಳಲ್ಲಿ ಫೋಕಸ್ ಆಗುವುದೇ ಇಲ್ಲ, ಡಿ5600ರಲ್ಲಿ ತೊಂದರೆಯಿಲ್ಲ.

ಬಾಡಿಗಳ ನಡುವೆ

ಕ್ಯಾನನ್ 1500ಡಿಯಲ್ಲಿ ಫೋಕಸ್ ಪಾಯಿಂಟ್ ಒಂಬತ್ತು, ಸೆಕೆಂಡಿಗೆ ಮೂರು ಚಿತ್ರ. ಪರದೆ ಮುಟ್ಟಿದರೆ ಕೆಲಸ ಮಾಡದು, ತಿರುಗದು. ಹೊರಗಿನ ಮೈಕ್ ಚುಚ್ಚಲು ತೂತಿಲ್ಲ. ಡಿ5600ರಲ್ಲಿ 39 ಪಾಯಿಂಟ್, ಸೆಕೆಂಡಿಗೆ ಐದು ಚಿತ್ರ, ತಿರುಗುವ ಟಚ್ ಪರದೆ, ಮೈಕ್ ಜಾಕ್ ಎಲ್ಲ ಇವೆ. ಐದು ವರ್ಷ ಹಳೆಯದಾದರೂ ಅದೇ ಮೇಲು.

ಮಿರರ್‌ಲೆಸ್ಸಿಗೆ ಬಂದರೆ, ಮುಂದಿನ ದಾರಿ ಅದೇ. ಕ್ಯಾನನ್, ನಿಕಾನ್ ಎರಡೂ 2020ರ ನಂತರ ಹೊಸ ಡಿಎಸ್‌ಎಲ್‌ಆರ್ (1500ಡಿ, ಡಿ5600ರಂತೆ ಒಳಗೆ ಕನ್ನಡಿಯಿರುವ) ಮಾದರಿ ತಂದಿಲ್ಲ. 2023ರ ಆರ್50 ಕಣ್ಣನ್ನು ಗುರುತಿಸಿ ಹಿಂಬಾಲಿಸುತ್ತದೆ. ವಿಡಿಯೊದಲ್ಲಿ ಅದರ ಫೋಕಸ್ ಡಿ5600ಕ್ಕಿಂತ ಎಷ್ಟೋ ಉತ್ತಮ. ಡಿ5600ರಲ್ಲಿ ಪರದೆ ನೋಡಿ ವಿಡಿಯೊ ತೆಗೆಯುವಾಗ ಫೋಕಸ್ ಹಿಂದೆಮುಂದೆ ತಡಕಾಡುತ್ತದೆ. ಆದರೂ ಆರ್50 ಅನ್ನು ಎರಡನೆಯ ಸ್ಥಾನಕ್ಕೆ ಇಟ್ಟಿದ್ದೇನೆ, ಯಾಕೆಂದರೆ ಅದರೊಂದಿಗೆ ಬರುವ 18-45 ಲೆನ್ಸ್ ಎಫ್/6.3ಕ್ಕೆ ಇಳಿಯುತ್ತದೆ, ಕಿಟ್ ಕೊಂಡ ಮೇಲೆ ಆರ್‌ಎಫ್ 50 ಎಫ್/1.8ಕ್ಕೆ ನಿಮ್ಮ ಬಳಿ ಹಣ ಉಳಿಯುವುದಿಲ್ಲ. ದಾರಿ ಇಲ್ಲದಿಲ್ಲ: ಹಳೆಯ ಇಎಫ್ 50 ಎಫ್/1.8 ಎಸ್‌ಟಿಎಂ ಅನ್ನು ಅಡಾಪ್ಟರ್ ಮೂಲಕ ಹಾಕಿದರೆ ಆಟೊಫೋಕಸ್ ಪೂರ್ತಿ ಕೆಲಸ ಮಾಡುತ್ತದೆ. ಆರ್100 ಅಗ್ಗ ಎಂದು ಅತ್ತ ಹೋಗಬೇಡಿ, ಅದರ ಪರದೆ ತಿರುಗುವುದಿಲ್ಲ, ಟಚ್ ಇಲ್ಲ. ಸೋನಿ ಝಡ್‌ವಿ-ಇ10, ನಿಕಾನ್ ಝಡ್30 ವಿಡಿಯೊಗೆ ಚೆನ್ನ, ಆದರೆ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಎರಡರಲ್ಲೂ ಇಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ, ಕಂಬಳದ ಗದ್ದೆಯ ಬದಿಯಲ್ಲಿ ಪರದೆಯಲ್ಲಿ ಏನೂ ಕಾಣದೆ ಒದ್ದಾಡಬೇಕಾಗುತ್ತದೆ.

ಹಳೆಯ ಕ್ಯಾಮೆರಾವನ್ನು ನೋಡುವ ಕ್ರಮ

ಹಗಲಿನಲ್ಲಿ ಹೋಗಿ, ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಮೊದಲು ನೋಡಬೇಕಾದದ್ದು ಲೆನ್ಸಿನ ಒಳಗೆ, ಕರಾವಳಿಯಲ್ಲಿ ಬಳಸಿದ ಕ್ಯಾಮೆರಾದಲ್ಲಿ ಮೊದಲು ಕೆಡುವುದು ಅದೇ. ಲೆನ್ಸನ್ನು ಬಾಡಿಯಿಂದ ಬಿಡಿಸಿ, ಹಿಂಬದಿಯ ಉಂಗುರದ ಒಳಗಿರುವ ಸಣ್ಣ ಸನ್ನೆಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿದರೆ ಒಳಗಿನ ಎಸಳುಗಳು ತೆರೆದುಕೊಳ್ಳುತ್ತವೆ. ಒಂದು ಬದಿಯಿಂದ ಮೊಬೈಲಿನ ಟಾರ್ಚ್ ಓರೆಯಾಗಿ ಹಾಯಿಸಿ ಇನ್ನೊಂದು ಬದಿಯಿಂದ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಜೇಡನ ಬಲೆಯಂಥ ಎಳೆಗಳೋ ಹಿಮದಂಥ ಮಬ್ಬೋ ಕಂಡರೆ ಅದು ಫಂಗಸ್. 18-55ರಲ್ಲಿ ಫಂಗಸ್ ಇದ್ದರೆ ಲೆನ್ಸ್ ಬಿಟ್ಟು ಬಾಡಿಗೆ ಮಾತ್ರ ಬೆಲೆ ಮಾತಾಡಿ. ಬಿಚ್ಚಿ ಶುಚಿ ಮಾಡಿಸುವ ಖರ್ಚು ಆ ಲೆನ್ಸಿಗೆ ಹೆಚ್ಚಾಯಿತು.

ಆಮೇಲೆ ಸೆನ್ಸರ್. ಎಫ್/16, ಐಎಸ್‌ಒ 100 ಇಟ್ಟು, ಫೋಕಸ್ ತಪ್ಪಿಸಿ ಬಿಳಿ ಗೋಡೆಯ ಚಿತ್ರ ತೆಗೆಯಿರಿ. ಬೂದು ಚುಕ್ಕೆಗಳು ಧೂಳು, ಒರೆಸಿದರೆ ಹೋಗುತ್ತವೆ. ಎಳೆಯಂಥ ಕಲೆ ಇದ್ದರೆ ಅಲ್ಲಿಗೇ ಬಿಟ್ಟುಬಿಡಿ. ಅಲ್ಲೇ ತೆಗೆದ ಒಂದು ಜೆಪೆಗ್ ಚಿತ್ರವನ್ನು ಇಟ್ಟುಕೊಳ್ಳಿ. ನಿಕಾನ್ ಕ್ಯಾಮೆರಾಗಳು ಶಟರ್ ಎಷ್ಟು ಬಾರಿ ಓಡಿದೆ ಎಂಬುದನ್ನು ಚಿತ್ರದ ಮಾಹಿತಿಯೊಳಗೇ ಬರೆಯುತ್ತವೆ, ಕಂಪ್ಯೂಟರಿನಲ್ಲಿ ಓದಬಹುದು. ಡಿ5600ರ ಶಟರನ್ನು 1 ಲಕ್ಷ ಬಾರಿಗೆ ಪರೀಕ್ಷಿಸಿರುತ್ತಾರೆ. 30,000ದ ಒಳಗಿದ್ದರೆ ನಿಶ್ಚಿಂತೆ. 70,000 ದಾಟಿದ್ದರೆ ಬೆಲೆ ಗಟ್ಟಿಯಾಗಿ ಇಳಿಸಬೇಕು.

ಬ್ಯಾಟರಿ ಕೋಣೆಯ ಲೋಹದ ತುಂಡುಗಳಲ್ಲಿ ಹಸಿರು ಕಿಲುಬು, ಫ್ಲ್ಯಾಶ್ ಜೋಡಿಸುವ ಜಾಗದಲ್ಲಿ ಅಥವಾ ತಳದ ಸ್ಕ್ರೂಗಳಲ್ಲಿ ತುಕ್ಕು ಇದ್ದರೆ ಕ್ಯಾಮೆರಾ ಮಳೆಯನ್ನೋ ಕಡಲ ನೀರನ್ನೋ ಕಂಡಿದೆ ಎಂದು ಅರ್ಥ. ಅದು ಈಗ ಸರಿಯಿದ್ದರೂ ಒಳಗಿನ ಬೋರ್ಡ್ ಮುಂದೆ ಕೈಕೊಡಬಹುದು, ಅದಕ್ಕೆ ಚೌಕಾಸಿ ಬೇಡ, ವಾಪಸು ಬನ್ನಿ. ಹಿಡಿಯ ರಬ್ಬರ್ ಉಬ್ಬಿ ಸಡಿಲವಾಗಿರುವುದು ನಮ್ಮ ಸೆಕೆ, ಬೆವರಿಗೆ ಮಾಮೂಲು, ಬದಲಾಯಿಸಬಹುದು. ಕೊನೆಗೆ ಪತ್ರಿಕೆಯೊಂದನ್ನು ಓರೆಯಾಗಿಟ್ಟು, ಲೆನ್ಸ್ ಪೂರ್ತಿ ತೆರೆದು ಒಂದೇ ಸಾಲಿಗೆ ಫೋಕಸ್ ಮಾಡಿ ಹತ್ತು ಚಿತ್ರ ತೆಗೆಯಿರಿ. ಪ್ರತಿ ಬಾರಿಯೂ ಸ್ಪಷ್ಟತೆ ಅದೇ ಸಾಲಿನ ಹಿಂದೆಯೋ ಮುಂದೆಯೋ ಬೀಳುತ್ತಿದ್ದರೆ ಹೊಂದಾಣಿಕೆ ತಪ್ಪಿದೆ. ಅದನ್ನು ಸರಿಮಾಡುವ ಮೆನು ಡಿ5600ರಲ್ಲಿ ಇಲ್ಲ. 50 ಮಿ.ಮೀ. ಲೆನ್ಸ್ ಕೊಳ್ಳುವಾಗಲೂ ಇದೇ ಪರೀಕ್ಷೆಯನ್ನು ಅಂಗಡಿಯ ಮೇಜಿನ ಮೇಲೇ ಮಾಡಿ.

ತೇವ

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ನಮ್ಮ ಊರಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಿಷಯ ಇದು. ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನ) ಕಳೆದರೆ ಮೇಳಗಳ ತಿರುಗಾಟ ಮುಗಿಯುತ್ತದೆ, ಕ್ಯಾಮೆರಾ ಬ್ಯಾಗಿನೊಳಗೆ, ಬ್ಯಾಗ್ ಕಪಾಟಿನೊಳಗೆ ಸೇರುತ್ತದೆ. ಸರಿಯಾಗಿ ಆಗಲೇ ಮಳೆ ಹಿಡಿಯುತ್ತದೆ. ದೀಪಾವಳಿ ಕಳೆದು ಮೇಳ ಹೊರಟಾಗ ಹೊರತೆಗೆದರೆ ಲೆನ್ಸಿನೊಳಗೆ ಬೂಷ್ಟು. ಗಾಳಿಯ ತೇವಾಂಶ ಶೇ. 65ರಿಂದ 70ರ ಮೇಲೆ ದಿನಗಟ್ಟಲೆ ಇದ್ದರೆ ಫಂಗಸ್ ಬೆಳೆಯುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಮನೆಯೊಳಗೆ ಅದು ಶೇ. 80, 90 ಇರುವುದು ಸಾಮಾನ್ಯ. ಕತ್ತಲೆ, ನಿಂತ ಗಾಳಿ, ಬ್ಯಾಗಿನ ಬಟ್ಟೆ ಹೀರಿಟ್ಟ ತೇವ, ಮೂರೂ ಅದಕ್ಕೆ ಅನುಕೂಲ. ಫಂಗಸ್ ಗಾಜಿನ ಮೇಲಿನ ಲೇಪನವನ್ನು ತಿನ್ನುತ್ತದೆ, ತಡವಾದರೆ ಒರೆಸಿದ ಮೇಲೂ ಗುರುತು ಉಳಿಯುತ್ತದೆ.

ಅಗ್ಗದ ಉಪಾಯ ಹೀಗಿದೆ. ಮುಚ್ಚಳದ ಅಂಚಿಗೆ ರಬ್ಬರ್ ಇದ್ದು ಬಿಗಿಯಾಗಿ ಮುಚ್ಚುವ 10 ಲೀಟರಿನ ಪ್ಲಾಸ್ಟಿಕ್ ಡಬ್ಬಿ, ಬಣ್ಣ ಬದಲಿಸುವ ಸಿಲಿಕಾ ಜೆಲ್ ಕಾಲು ಕೆ.ಜಿ.ಯಿಂದ ಅರ್ಧ ಕೆ.ಜಿ., ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್. ಜೆಲ್ಲನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಡಬ್ಬಿಯ ಮೂಲೆಯಲ್ಲಿಡಿ, ಲೆನ್ಸಿಗೆ ತಾಗದಿರಲಿ. ಮೀಟರ್ ಶೇ. 40ರಿಂದ 50ರ ನಡುವೆ ತೋರಿಸಬೇಕು. ಶೇ. 30ಕ್ಕಿಂತ ಕೆಳಗೆ ತಿಂಗಳುಗಟ್ಟಲೆ ಇಡುವುದೂ ಒಳ್ಳೆಯದಲ್ಲ, ರಬ್ಬರ್ ಮತ್ತು ಒಳಗಿನ ಗ್ರೀಸಿಗೆ ತೊಂದರೆ. ಅಗ್ಗದ ಮೀಟರುಗಳು ಐದಾರು ಅಂಕ ಹೆಚ್ಚುಕಡಿಮೆ ತೋರಿಸುವುದರಿಂದ 45ನ್ನು ಗುರಿ ಮಾಡಿಕೊಂಡರೆ ಸಾಕು. ಜೆಲ್ಲಿನ ಬಣ್ಣ ಬದಲಾದರೆ ಬಟ್ಟೆಯಿಂದ ಬಿಡಿಸಿ, ಅಡುಗೆಗೆ ಬಳಸದ ತಟ್ಟೆಯಲ್ಲಿ ಹರಡಿ, ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ನೀಲಿ ಬಣ್ಣದ ಜೆಲ್ಲಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷಕಾರಿ. ಕಿತ್ತಳೆ ಬಣ್ಣದ್ದನ್ನೇ ಕೇಳಿ. ಅಕ್ಕಿ ಡಬ್ಬಿಯಲ್ಲಿ ಇಡುವುದು, ನುಸಿಗುಳಿಗೆ ಹಾಕುವುದು ಬೇಡ. ಬ್ಯಾಗನ್ನೂ ಚರ್ಮದ ಕವರನ್ನೂ ಡಬ್ಬಿಯೊಳಗೆ ಸೇರಿಸಬೇಡಿ, ಕ್ಯಾಮೆರಾ ಮತ್ತು ಲೆನ್ಸು ಮಾತ್ರ. ಹಣ ಇದ್ದಾಗ 20-30 ಲೀಟರಿನ ಎಲೆಕ್ಟ್ರಿಕ್ ಡ್ರೈ ಕ್ಯಾಬಿನೆಟ್ ಕೊಂಡರೆ ಈ ಗಡಿಬಿಡಿ ತಪ್ಪುತ್ತದೆ. ಅದು ಎಳೆಯುವ ಕರೆಂಟು ತುಂಬಾ ಕಡಿಮೆ, ಕೆಲವು ಗಂಟೆ ಕರೆಂಟು ಹೋದರೂ ಮುಚ್ಚಿದ ಬಾಗಿಲೊಳಗೆ ತೇವ ಏರುವುದಿಲ್ಲ.

ಎಸಿ ಕಾರಿನಿಂದಲೋ ಕೋಣೆಯಿಂದಲೋ ನೇರ ಹೊರಗೆ ತೆಗೆದರೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಬ್ಯಾಗ್ ಮುಚ್ಚಿಟ್ಟೇ ಹೊರಗೆ ಅರ್ಧ ಗಂಟೆ ಇಡಿ, ಆಮೇಲೆ ತೆರೆಯಿರಿ. ಮಲ್ಪೆಗೋ ಪಣಂಬೂರಿಗೋ ಹೋದ ದಿನ ಮರಳಿನ ಮೇಲೆ ಲೆನ್ಸ್ ಬದಲಿಸಬೇಡಿ. ಮನೆಗೆ ಬಂದ ಸಂಜೆಯೇ ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಬಾಡಿಯನ್ನು ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಉಪ್ಪು ತಾನಾಗಿ ಹೋಗುವುದಿಲ್ಲ, ತೇವ ಎಳೆದುಕೊಳ್ಳುತ್ತಾ ಕೂರುತ್ತದೆ.

ಹಣವನ್ನು ನಾನಾದರೆ ಹೀಗೆ ಹಂಚುತ್ತೇನೆ: ಬಾಡಿ ಮತ್ತು 18-55ಕ್ಕೆ ಅರ್ಧ ಮೀರದಂತೆ, 50 ಮಿ.ಮೀ. ಲೆನ್ಸಿಗೆ ಕಾಲು, ಉಳಿದ ಕಾಲರಲ್ಲಿ ತೇವದ ಡಬ್ಬಿ, ಇನ್ನೊಂದು ಬ್ಯಾಟರಿ, 64 ಜಿಬಿಯ ಎರಡು ವಿ30 (ವಿಡಿಯೊಗೆ ಸಾಕಾಗುವ ವೇಗದ) ಮೆಮೊರಿ ಕಾರ್ಡ್, ಒಂದು ಸಣ್ಣ ಮೈಕ್. ಮಿಕ್ಕಿದ್ದನ್ನು ಜೂಮಿಗೆ ಎತ್ತಿಡಿ. ಕಾರ್ಡನ್ನು ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ನಕಲಿ ಕಾರ್ಡುಗಳು ಹೊರಗೆ 64 ಎಂದು ತೋರಿಸಿ, ಒಳಗಿನ ಜಾಗ ತುಂಬಿದ ಮೇಲೆ ಬಂದ ಚಿತ್ರಗಳನ್ನೆಲ್ಲ ನುಂಗುತ್ತವೆ.

ಮೊದಲ ಆಟದ ರಾತ್ರಿ

ಮೋಡನ್ನು ಮ್ಯಾನ್ಯುವಲ್‌ಗೆ ಇಡಿ: ಎಫ್/2, 1/250, ಐಎಸ್‌ಒ ಆಟೊ, ಗರಿಷ್ಠ ಮಿತಿ 6400. ಫೋಕಸ್ ಎಎಫ್-ಸಿ (ಚಲಿಸುವವರನ್ನು ಹಿಂಬಾಲಿಸುತ್ತಲೇ ಇರುವ ಬಗೆ), ನಡುವಿನ ಒಂದೇ ಪಾಯಿಂಟ್. ಹಿಂದಿನ ಕತ್ತಲೆಯನ್ನು ನೋಡಿ ಕ್ಯಾಮೆರಾ ಬೆಳಕು ಸಾಲದೆಂದು ಎಣಿಸುತ್ತದೆ, ಮುಖ ಬೆಳ್ಳಗೆ ಸುಟ್ಟಂತಾಗುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಚಿತ್ರದ ಬೆಳಕನ್ನು ಏರಿಳಿಸುವ ಆಯ್ಕೆ) -1ಕ್ಕೆ ಇಳಿಸಿ. ಬಣ್ಣದ ವೇಷದ ಕೆಂಪು ಎಲ್ಲಕ್ಕಿಂತ ಮೊದಲು ಹಾಳಾಗುವ ಬಣ್ಣ. ಹಿಸ್ಟೊಗ್ರಾಮಿನಲ್ಲಿ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಕೆಂಪಿನ ಗೆರೆ ಬಲ ಅಂಚಿಗೆ ಗುದ್ದುತ್ತಿದ್ದರೆ ಇನ್ನೂ ಸ್ವಲ್ಪ ಇಳಿಸಿ. ರಾ ಫೈಲಿನಲ್ಲೇ (ಸೆನ್ಸರಿನ ಮಾಹಿತಿಯನ್ನು ಹಾಗೇ ಉಳಿಸುವ ಬಗೆ) ತೆಗೆಯಿರಿ, ಎಲ್‌ಇಡಿ ಬೆಳಕಿನ ಬಣ್ಣವನ್ನು ಆಮೇಲೆ ಸರಿಪಡಿಸಬಹುದು. ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬಂದರೆ ಅದು ದೀಪಗಳ ಮಿನುಗು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅವು ಸೆಕೆಂಡಿಗೆ 100 ಬಾರಿ ಏರಿಳಿಯುತ್ತವೆ. ಕುಣಿತವಿಲ್ಲದ ಮಾತಿನ ಭಾಗದಲ್ಲಿ ಶಟರನ್ನು 1/100ಕ್ಕೆ ಇಳಿಸಿದರೆ ಪಟ್ಟಿ ಹೋಗುತ್ತದೆ. ಆರ್50 ಕೊಂಡರೆ ಸದ್ದಿಲ್ಲದ ಶಟರ್ ಆಫ್ ಮಾಡಿ, ಅದರಲ್ಲಿ ಪಟ್ಟಿ ಇನ್ನೂ ಹೆಚ್ಚು.

ಫ್ಲ್ಯಾಶ್, ಫೋಕಸಿಗೆ ನೆರವಾಗುವ ಸಣ್ಣ ದೀಪ, ಬೀಪ್ ಸದ್ದು ಮೂರನ್ನೂ ಮನೆಯಲ್ಲೇ ಆಫ್ ಮಾಡಿಕೊಂಡು ಹೋಗಿ. ಕೋಲ, ನೇಮಗಳಿಗೆ ಹೋದರೆ ಕ್ಯಾಮೆರಾ ತೆರೆಯುವ ಮೊದಲು ಅಲ್ಲಿನ ಹಿರಿಯರನ್ನು ಕೇಳಿ. ಫೋಟೊ ಪೂರ್ತಿ ನಿಷೇಧಿಸಿರುವ ಕಡೆಗಳಿವೆ, ಅದನ್ನು ಗೌರವಿಸಬೇಕು.

ವಿಡಿಯೊದಲ್ಲಿ ಕೆಡುವುದು ಹೆಚ್ಚಾಗಿ ಚಿತ್ರವಲ್ಲ, ಧ್ವನಿ. ಮೈಕಿನ ಮಟ್ಟ ಆಟೊದಲ್ಲಿದ್ದರೆ ಭಾಗವತರ ಪದ ಮೆಲ್ಲಗಿದ್ದಾಗ ಕ್ಯಾಮೆರಾ ಅದನ್ನು ಏರಿಸುತ್ತದೆ, ಚೆಂಡೆಯ ಮೊದಲ ಪೆಟ್ಟಿಗೆ ಎಲ್ಲ ಒಡೆದುಹೋಗುತ್ತದೆ. ಮೈಕನ್ನು ಮ್ಯಾನ್ಯುವಲ್‌ಗೆ ಹಾಕಿ, ಆಟದ ಮೊದಲು 'ಕೇಳಿ' (ಆಟವಿದೆ ಎಂದು ಸಾರುವ ಚೆಂಡೆ-ಮದ್ದಳೆಯ ವಾದನ) ಬಡಿಯುವಾಗಲೇ ಮಟ್ಟ ಸರಿಮಾಡಿ: ಚೆಂಡೆಯ ಅತಿ ಜೋರಿನ ಪೆಟ್ಟಿಗೂ ಮುಳ್ಳು -12 ಡೆಸಿಬೆಲ್ ಆಸುಪಾಸಿನಲ್ಲೇ ನಿಲ್ಲಬೇಕು. ಮೈಕನ್ನು ಸ್ಪೀಕರಿನ ಎದುರಿನಿಂದ ತಪ್ಪಿಸಿ, ಸ್ವಲ್ಪ ಬದಿಗೆ ಕೂತರೆ ಒಳ್ಳೆಯದು.